ಹೆಸರೊಂದು, ಬರಹ ಹಲವು: ಪಟ್ಟಿ ಶುದ್ಧೀಕರಣದಲ್ಲಿ ಮರೆಯಾದ ‘ಅನುಮಾನದ ಕಟ್ಟು’

ಬೆಂಗಳೂರು: ಕಳೆದ ಕೆಲವು ವರ್ಷಗಳಲ್ಲಿ ದೇಶದ ರಾಜಕಾರಣವನ್ನು ಕಲಕಿದ ಮೂರು ವಿದ್ಯಮಾನಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದವು. 2024ರ ಮಾರ್ಚ್‌ನಲ್ಲಿ ಬಹಿರಂಗಗೊಂಡ ಚುನಾವಣಾ ಬಾಂಡ್ ಖರೀದಿದಾರರ ಪಟ್ಟಿ ಮೊದಲನೆಯದು. ಬಿಹಾರದಲ್ಲಿ 2025ರಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್, ಎರಡನೆಯದು. ಬೆಂಗಳೂರಿನ ಮಹದೇವಪುರ ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯ ಕುರಿತು ಅದೇ ವರ್ಷದ ಆಗಸ್ಟ್‌ನಲ್ಲಿ ಎದ್ದ ವಿವಾದ ಮೂರನೆಯದು. ಆದರೆ ಈ ಮೂರರ ತಳದಲ್ಲೂ ಒಂದೇ ಪ್ರಶ್ನೆ ಇದೆ. ಸಾವಿರಾರು ಸಾಲುಗಳ ಪಟ್ಟಿಯೊಂದರಲ್ಲಿ ಬೇರೆ ಬೇರೆ ರೀತಿಯಲ್ಲಿ ಬರೆದ ಎರಡು ಹೆಸರುಗಳು ಒಬ್ಬರನ್ನೇ ಸೂಚಿಸುತ್ತವೆಯೇ ಅಥವಾ ಇಬ್ಬರನ್ನೇ? ಅದನ್ನು ನಿರ್ಧರಿಸುವವರು ಯಾರು?

ಕಚೇರಿಗಳಲ್ಲಿ ಸ್ಪ್ರೆಡ್‌ಶೀಟ್ ಬಳಸುವ ಪ್ರತಿಯೊಬ್ಬರಿಗೂ ಈ ತಲೆನೋವು ಪರಿಚಿತ. ದಾನಿಗಳ ಪಟ್ಟಿ, ವಿದ್ಯಾರ್ಥಿಗಳ ಪಟ್ಟಿ, ಗ್ರಾಹಕರ ಪಟ್ಟಿ ಯಾವುದೇ ಇರಲಿ, ಹೆಸರುಗಳನ್ನು ಹಲವರು ಹಲವು ಕಾಲದಲ್ಲಿ ನಮೂದಿಸಿರುತ್ತಾರೆ. ಒಟ್ಟು ಎಷ್ಟು ಸಾಲುಗಳಿವೆ ಎಂದು ಹೇಳುವುದು ಸುಲಭ. ಎಷ್ಟು ಜನರಿದ್ದಾರೆ ಎಂದು ಹೇಳುವುದು ಕಷ್ಟ. ಕಚೇರಿಯ ಮಟ್ಟದಲ್ಲಿ ಇದು ಒಂದು ಮಧ್ಯಾಹ್ನದ ಕಿರಿಕಿರಿ ಮಾತ್ರ. ಅದೇ ಕೆಲಸವನ್ನು ಸರ್ಕಾರವೊಂದು ಕೋಟಿಗಟ್ಟಲೆ ಹೆಸರುಗಳ ಮೇಲೆ ಮಾಡಿದಾಗ ಅಕ್ಕಿ, ಪಿಂಚಣಿ, ಪಹಣಿ, ಮತದಾನದ ಹಕ್ಕುಗಳೇ ಪಣಕ್ಕೆ ಬೀಳುತ್ತವೆ.

ಬಾಂಡ್ ಪಟ್ಟಿ ಕಲಿಸಿದ ಪಾಠ

ಚುನಾವಣಾ ಬಾಂಡ್ ಯೋಜನೆ ಅಸಾಂವಿಧಾನಿಕವೆಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಪೀಠ 2024ರ ಫೆಬ್ರುವರಿ 15ರಂದು ತೀರ್ಪು ನೀಡಿತು. ಭಾರತೀಯ ಸ್ಟೇಟ್ ಬ್ಯಾಂಕ್ ಒದಗಿಸಿದ ವಿವರಗಳನ್ನು ಚುನಾವಣಾ ಆಯೋಗ ಮಾರ್ಚ್ 14ರಂದು ಪ್ರಕಟಿಸಿತು. ಅದು ಎರಡು ಪ್ರತ್ಯೇಕ ಪಟ್ಟಿಗಳ ರೂಪದಲ್ಲಿತ್ತು. ಒಂದರಲ್ಲಿ ಬಾಂಡ್ ಕೊಂಡವರ ಹೆಸರು, ದಿನಾಂಕ, ಮೊತ್ತ. ಇನ್ನೊಂದರಲ್ಲಿ ನಗದೀಕರಿಸಿದ ಪಕ್ಷದ ಹೆಸರು, ದಿನಾಂಕ, ಮೊತ್ತ. ಖರೀದಿ ಪಟ್ಟಿಯಲ್ಲಿ 18 ಸಾವಿರಕ್ಕೂ ಹೆಚ್ಚು, ನಗದೀಕರಣದ ಪಟ್ಟಿಯಲ್ಲಿ 20 ಸಾವಿರಕ್ಕೂ ಹೆಚ್ಚು ನಮೂದುಗಳಿದ್ದವು.

ಅತಿ ಹೆಚ್ಚು ಬಾಂಡ್ ಕೊಂಡವರು ಯಾರು ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವರಿಗೆ ಮೊದಲು ಎದುರಾದದ್ದು ಹೆಸರುಗಳ ಗೊಂದಲ. ಒಂದೇ ಕಂಪನಿಯ ಹೆಸರಿನಲ್ಲಿ ಕೆಲವು ಸಾಲುಗಳಲ್ಲಿ ‘ಪ್ರೈವೇಟ್ ಲಿಮಿಟೆಡ್’ ಪೂರ್ತಿಯಾಗಿತ್ತು, ಕೆಲವು ಸಾಲುಗಳಲ್ಲಿ ಅರ್ಧಕ್ಕೇ ತುಂಡಾಗಿತ್ತು. ಪಿಡಿಎಫ್ ಕಡತದಿಂದ ಎತ್ತುವಾಗ ಸಾಲು ಮುರಿದಲ್ಲಿ ಪದದ ಮಧ್ಯೆ ಅನಗತ್ಯ ಖಾಲಿ ಜಾಗ ಸೇರಿಕೊಂಡಿತ್ತು. ಪಟ್ಟಿಯ ಅಗ್ರಸ್ಥಾನದಲ್ಲಿದ್ದ ಫ್ಯೂಚರ್ ಗೇಮಿಂಗ್ ಆ್ಯಂಡ್ ಹೋಟೆಲ್ ಸರ್ವಿಸಸ್ ಕಂಪನಿಯ ಹೆಸರೇ ತುಂಡಾದ ಹಾಗೂ ಪೂರ್ತಿಯಾದ ರೂಪಗಳಲ್ಲಿ ಕಾಣಿಸಿತು. ಎರಡನ್ನೂ ಕೂಡಿಸಿದಾಗ ಮಾತ್ರ ಅದರ ಖರೀದಿಯ ಮೊತ್ತ 1,368 ಕೋಟಿ ರೂಪಾಯಿ ಎಂಬುದು ಹೊರಬಿತ್ತು.

ಇಷ್ಟಕ್ಕೇ ಕೆಲಸ ಮುಗಿಯಲಿಲ್ಲ. ಎರಡನೇ ಸ್ಥಾನದಲ್ಲಿದ್ದ ಮೇಘಾ ಎಂಜಿನಿಯರಿಂಗ್ ಕಂಪನಿ ತನ್ನ ಹೆಸರಿನಲ್ಲಿ ಕೊಂಡದ್ದು 966 ಕೋಟಿ ರೂಪಾಯಿ ಮೌಲ್ಯದ ಬಾಂಡ್‌ಗಳನ್ನು. ಅದೇ ಸಮೂಹಕ್ಕೆ ಸೇರಿದ ವೆಸ್ಟರ್ನ್ ಯುಪಿ ಪವರ್ ಟ್ರಾನ್ಸ್‌ಮಿಷನ್ ಕಂಪನಿಯೂ ಪ್ರತ್ಯೇಕವಾಗಿ ಬಾಂಡ್ ಕೊಂಡಿತ್ತು. ಈ ಎರಡು ಹೆಸರುಗಳಲ್ಲಿ ಒಂದು ಪದವೂ ಸಮಾನವಿಲ್ಲ. ಯಾವ ತಂತ್ರಾಂಶವೂ ಅಕ್ಷರಗಳನ್ನು ಹೋಲಿಸಿ ಇವೆರಡನ್ನು ಜೋಡಿಸಲಾರದು. ಕಂಪನಿಗಳ ನೋಂದಣಿ ದಾಖಲೆಯನ್ನು ಮನುಷ್ಯರೇ ತೆರೆದು ನೋಡಬೇಕು. ಯಾವ ಬಾಂಡ್ ಯಾವ ಪಕ್ಷಕ್ಕೆ ಹೋಯಿತೆಂದು ತಿಳಿಯಲು ವಿಶಿಷ್ಟ ಸಂಖ್ಯೆಗಳನ್ನೂ ನೀಡುವಂತೆ ನ್ಯಾಯಾಲಯ ಮಾರ್ಚ್ 18ರಂದು ಆದೇಶಿಸಿತು. ಮಾರ್ಚ್ 21ರಂದು ಅವು ಪ್ರಕಟವಾದ ಬಳಿಕವಷ್ಟೇ ಕೊಟ್ಟವರನ್ನೂ ಪಡೆದವರನ್ನೂ ಖಚಿತವಾಗಿ ಜೋಡಿಸುವುದು ಸಾಧ್ಯವಾಯಿತು.

ಅಂದರೆ ಸಾಲುಗಳನ್ನು ಎಣಿಸುವುದು, ಹೆಸರುಗಳನ್ನು ಎಣಿಸುವುದು, ಹೆಸರಿನ ಹಿಂದಿರುವ ವ್ಯಕ್ತಿ ಅಥವಾ ಸಂಸ್ಥೆಗಳನ್ನು ಎಣಿಸುವುದು ಇವು ಮೂರೂ ಬೇರೆ ಬೇರೆ ಕೆಲಸಗಳು. ಮೊದಲನೆಯದನ್ನು ಯಂತ್ರ ಕ್ಷಣದಲ್ಲಿ ಮಾಡುತ್ತದೆ. ಎರಡನೆಯದರಲ್ಲಿ ಅದು ನೆರವಾಗುತ್ತದೆ. ಮೂರನೆಯದಕ್ಕೆ ಹೊರಗಿನ ಸಾಕ್ಷ್ಯ ಬೇಕು.

ಕನ್ನಡದ ಹೆಸರುಗಳ ಕಷ್ಟ

ಕಂಪನಿಗಳಿಗೆ ನೋಂದಾಯಿತ ಹೆಸರೊಂದಾದರೂ ಇರುತ್ತದೆ. ಜನಸಾಮಾನ್ಯರ ಹೆಸರಿನ ವಿಷಯದಲ್ಲಿ ಆ ಅನುಕೂಲವೂ ಇಲ್ಲ. ಕರ್ನಾಟಕದಲ್ಲಿಯೇ ಹೆಸರಿಡುವ, ಹೆಸರು ಬರೆಯುವ ಪದ್ಧತಿಗಳು ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಹಳೆಯ ಮೈಸೂರು ಭಾಗದಲ್ಲಿ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಹೆಸರಿನ ಮುಂದೆ ನಿಲ್ಲುತ್ತವೆ. ಶಾಲೆಯ ದಾಖಲೆಯಲ್ಲಿ ಅವೇ ಹಿಂದಕ್ಕೆ ಸರಿಯುತ್ತವೆ. ಉತ್ತರ ಕರ್ನಾಟಕದಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವಿದೆ. ಕೊಡವರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಮದುವೆಯ ನಂತರ ಮಹಿಳೆಯರ ಹೆಸರಿನೊಂದಿಗೆ ಕೆಲವು ದಾಖಲೆಗಳಲ್ಲಿ ತಂದೆಯ ಹೆಸರೂ ಕೆಲವು ದಾಖಲೆಗಳಲ್ಲಿ ಗಂಡನ ಹೆಸರೂ ಇರುತ್ತದೆ. ಪಹಣಿಯಲ್ಲಿ ‘ಬಿನ್’, ‘ಕೋಂ’, ‘ಉರುಫ್’ ಎಂಬ ಪದಗಳು ಹೆಸರಿನ ಭಾಗವೇ ಆಗಿಹೋಗಿವೆ.

ಹೀಗಾಗಿ ‘ಎಂ.ಎನ್. ಮಂಜುನಾಥ’, ‘ಮಂಜುನಾಥ್ ಎಂ ಎನ್’, ‘ಮಂಜುನಾಥ ಬಿನ್ ನಂಜಪ್ಪ’ ಎಂಬ ಮೂರು ನಮೂದುಗಳು ಒಬ್ಬನದೇ ಆಗಿರಬಹುದು. ಅದೇ ವೇಳೆ ಒಂದೇ ಊರಿನಲ್ಲಿ ಒಂದೇ ಹೆಸರಿನ, ತಂದೆಯ ಹೆಸರೂ ಒಂದೇ ಆಗಿರುವ ಇಬ್ಬರು ಮಂಜುನಾಥರು ಇರಬಹುದು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ ಇರುವಲ್ಲಿ ಇದು ಅಪರೂಪವೇನಲ್ಲ.

ಹೆಸರು ಇಂಗ್ಲಿಷಿಗೆ ಹೋದಾಗ ಗೊಂದಲ ಇಮ್ಮಡಿಸುತ್ತದೆ. ಲಕ್ಷ್ಮಿ ಎಂಬ ಹೆಸರಿನ ನಡುವಣ ಒತ್ತಕ್ಷರವನ್ನು ಕೆಲವರು ಕೆ, ಎಸ್, ಎಚ್ ಎಂಬ ಮೂರು ಅಕ್ಷರಗಳಿಂದ ಬರೆದರೆ ಇನ್ನು ಕೆಲವರು ಎಕ್ಸ್ ಎಂಬ ಒಂದೇ ಅಕ್ಷರದಿಂದ ಮುಗಿಸುತ್ತಾರೆ. ಮೊಹಮ್ಮದ್ ಎಂಬ ಹೆಸರು ಪೂರ್ಣ ರೂಪದಲ್ಲಿಯೂ ಎರಡು ಅಥವಾ ನಾಲ್ಕು ಅಕ್ಷರಗಳ ಸಂಕ್ಷಿಪ್ತ ರೂಪಗಳಲ್ಲಿಯೂ ಸಿಗುತ್ತದೆ. ಯಾವ ರೂಪ ದಾಖಲಾಗುತ್ತದೆ ಎಂಬುದು ಬಹುತೇಕ ಸಂದರ್ಭಗಳಲ್ಲಿ ಹೆಸರಿನ ಒಡೆಯರ ಆಯ್ಕೆಯಲ್ಲ, ನಮೂದಿಸಿದ ಸಿಬ್ಬಂದಿಯ ಆಯ್ಕೆ.

ಕನ್ನಡದಲ್ಲಿಯೇ ಬರೆದರೂ ಸಮಸ್ಯೆ ತಪ್ಪದು. ಗಣಕಯಂತ್ರ ನೋಡುವುದು ಅಕ್ಷರದ ಆಕಾರವನ್ನಲ್ಲ, ಅದರ ಹಿಂದಿನ ಸಂಕೇತವನ್ನು. ‘ರಾಜ್‌ಕುಮಾರ್’ ಎಂದು ಬಿಡಿಯಾಗಿ ಕಾಣಿಸಲು ಕಣ್ಣಿಗೆ ಕಾಣದ ಸಂಕೇತವೊಂದನ್ನು ನಡುವೆ ಸೇರಿಸಬೇಕಾಗುತ್ತದೆ. ಅಂಥದೇ ಸಂಕೇತ ಹೆಸರಿನ ಕೊನೆಯಲ್ಲಿ ಉಳಿದುಕೊಂಡರೆ ಪರದೆಯ ಮೇಲೆ ಎರಡು ಹೆಸರುಗಳು ತದ್ರೂಪವಾಗಿ ಕಂಡರೂ ಯಂತ್ರಕ್ಕೆ ಅವು ಬೇರೆಯೇ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಬಳಕೆಯಲ್ಲಿದ್ದ ಫಾಂಟ್ ಆಧಾರಿತ ಪಠ್ಯವನ್ನು ಪರಿವರ್ತಿಸುವಾಗ ಒತ್ತಕ್ಷರಗಳು ಸ್ಥಾನಪಲ್ಲಟಗೊಂಡ ಉದಾಹರಣೆಗಳೂ ಇವೆ.

ಯಂತ್ರ ಹೇಗೆ ಹೋಲಿಸುತ್ತದೆ?

ಹೆಸರುಗಳನ್ನು ಶುದ್ಧೀಕರಿಸುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲು ಅನಗತ್ಯ ಖಾಲಿ ಜಾಗ, ಚುಕ್ಕೆ, ಅಲ್ಪವಿರಾಮ, ಕಾಣದ ಸಂಕೇತಗಳನ್ನು ತೆಗೆಯಲಾಗುತ್ತದೆ. ಶ್ರೀ, ಶ್ರೀಮತಿ, ಡಾಕ್ಟರ್ ಮುಂತಾದ ಉಪಾಧಿಗಳನ್ನು ಬದಿಗಿಡಲಾಗುತ್ತದೆ. ಬಳಿಕ ಹೆಸರಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ ಒಂದು ‘ಕೀಲಿ’ ಸಿದ್ಧಪಡಿಸಲಾಗುತ್ತದೆ. ಇದರಿಂದ ‘ಎಂ.ಎನ್. ಮಂಜುನಾಥ’ ಮತ್ತು ‘ಮಂಜುನಾಥ ಎಂ.ಎನ್.’ ಎರಡಕ್ಕೂ ಒಂದೇ ಕೀಲಿ ದೊರೆಯುತ್ತದೆ. ಪತ್ರಕರ್ತರು ಮತ್ತು ಸಂಶೋಧಕರು ಬಳಸುವ ಓಪನ್‌ರಿಫೈನ್ ಎಂಬ ಉಚಿತ ತಂತ್ರಾಂಶ ಈ ವಿಧಾನವನ್ನು ಅನುಸರಿಸುತ್ತದೆ. ಎಕ್ಸೆಲ್‌ನಲ್ಲಿರುವ ನಕಲು ತೆಗೆಯುವ ಸೌಲಭ್ಯ ಇಷ್ಟು ದೂರ ಹೋಗದು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಹೆಚ್ಚಾಗಿದ್ದರೂ ಅದು ಎರಡು ಹೆಸರೆಂದೇ ಭಾವಿಸುತ್ತದೆ.

ಇಷ್ಟಾದ ಮೇಲೂ ಉಳಿಯುವ ವ್ಯತ್ಯಾಸಗಳಿಗೆ ಸಾಮ್ಯವನ್ನು ಅಳೆಯುವ ವಿಧಾನಗಳಿವೆ. ಉಚ್ಚಾರಣೆಯ ಆಧಾರದ ಮೇಲೆ ಹೆಸರುಗಳನ್ನು ಗುಂಪು ಮಾಡುವ ಸೌಂಡೆಕ್ಸ್ ಪದ್ಧತಿಗೆ ಅಮೆರಿಕದಲ್ಲಿ 1918ರಲ್ಲಿಯೇ ಹಕ್ಕುಸ್ವಾಮ್ಯ ದೊರೆತಿತ್ತು. ಅದು ಇಂಗ್ಲಿಷ್ ಹೆಸರುಗಳಿಗಾಗಿ ರೂಪಿತವಾದದ್ದು. ಒಂದು ಹೆಸರನ್ನು ಇನ್ನೊಂದಾಗಿ ಬದಲಿಸಲು ಎಷ್ಟು ಅಕ್ಷರಗಳನ್ನು ತಿದ್ದಬೇಕೆಂದು ಎಣಿಸುವ ವಿಧಾನವನ್ನು ಸೋವಿಯತ್ ಒಕ್ಕೂಟದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಸ್ಟೈನ್ 1965ರಲ್ಲಿ ಮಂಡಿಸಿದರು. ಇಂದಿನ ಬಹುತೇಕ ತಂತ್ರಾಂಶಗಳಲ್ಲಿ ಅದರ ಒಂದಲ್ಲ ಒಂದು ರೂಪವಿದೆ.

ಆದರೆ ಅಕ್ಷರಗಳ ಅಂತರವೇ ವ್ಯಕ್ತಿಗಳ ಅಂತರವಲ್ಲ. ‘ಸುರೇಶ’ ಮತ್ತು ‘ಸುರೇಖ’ ಎಂಬ ಹೆಸರುಗಳ ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಅವರು ಅಣ್ಣ ತಂಗಿ ಆಗಿರಬಹುದು. ‘ಲಕ್ಷ್ಮಮ್ಮ’ ಮತ್ತು ‘ಲಕ್ಷ್ಮೀದೇವಿ’ ಎಂಬವುಗಳ ನಡುವೆ ವ್ಯತ್ಯಾಸ ಹೆಚ್ಚು. ಅದು ಒಬ್ಬರದೇ ಮನೆಯ ಹೆಸರು ಮತ್ತು ಶಾಲೆಯ ಹೆಸರು ಆಗಿರಬಹುದು.

ಈ ಅನಿಶ್ಚಿತತೆಯನ್ನು ಗಣಿತಜ್ಞರು ಅರಿಯದೆ ಇರಲಿಲ್ಲ. ಕೆನಡಾದ ಸರ್ಕಾರಿ ಅಂಕಿಅಂಶ ಸಂಸ್ಥೆಯಲ್ಲಿದ್ದ ಇವಾನ್ ಫೆಲೆಗಿ ಮತ್ತು ಅಲನ್ ಸಂಟರ್ 1969ರಲ್ಲಿ ಪ್ರಕಟಿಸಿದ ಪ್ರಬಂಧ ಈ ಕ್ಷೇತ್ರದ ಬುನಾದಿ ಎನಿಸಿದೆ. ಎರಡು ಪಟ್ಟಿಗಳ ನಮೂದುಗಳನ್ನು ಹೋಲಿಸಿದಾಗ ಅವನ್ನು ಎರಡಲ್ಲ, ಮೂರು ಕಟ್ಟುಗಳಾಗಿ ವಿಂಗಡಿಸಬೇಕೆಂದು ಅವರು ಪ್ರತಿಪಾದಿಸಿದರು. ಒಬ್ಬರೇ ಎಂದು ಖಚಿತವಾದವು ಒಂದು ಕಟ್ಟು. ಬೇರೆಯವರೆಂದು ಖಚಿತವಾದವು ಇನ್ನೊಂದು. ನಡುವೆ ಉಳಿಯುವುದು ಅನುಮಾನದ ಕಟ್ಟು. ಅದನ್ನು ಮನುಷ್ಯರು ಕೈಯಿಂದ ಪರಿಶೀಲಿಸಬೇಕು. ತಪ್ಪು ಜೋಡಣೆಗಳನ್ನು ಕಡಿಮೆ ಮಾಡಬೇಕಾದಷ್ಟೂ ಈ ನಡುವಣ ಕಟ್ಟು ದೊಡ್ಡದಾಗುತ್ತದೆ ಎಂಬುದು ಅವರ ಲೆಕ್ಕಾಚಾರದ ಸಾರ.

ಆಡಳಿತದಲ್ಲಿ ಪಟ್ಟಿ ಶುದ್ಧೀಕರಣ ಎಡವುವುದು ಇಲ್ಲಿಯೇ. ಅನುಮಾನದ ಕಟ್ಟನ್ನು ಪರಿಶೀಲಿಸಲು ಸಮಯ, ಸಿಬ್ಬಂದಿ, ಹಣ ಬೇಕು. ಅದನ್ನು ಉಳಿಸುವ ಸುಲಭ ಮಾರ್ಗವೆಂದರೆ ಅನುಮಾನದ ಹೆಸರುಗಳನ್ನೆಲ್ಲ ಖಚಿತವಾದ ಕಟ್ಟಿಗೆ ಸೇರಿಸಿಬಿಡುವುದು.

ಫ್ಲಾರಿಡಾದಿಂದ ತೆಲಂಗಾಣದವರೆಗೆ

ಅದರ ಪರಿಣಾಮಕ್ಕೆ ಹೆಚ್ಚು ಚರ್ಚೆಗೊಳಗಾದ ಉದಾಹರಣೆ ಅಮೆರಿಕದ ಫ್ಲಾರಿಡಾ ರಾಜ್ಯದ್ದು. ಗಂಭೀರ ಅಪರಾಧಕ್ಕೆ ಶಿಕ್ಷೆಗೊಳಗಾದವರಿಗೆ ಅಲ್ಲಿ ಮತದಾನದ ಹಕ್ಕು ಇರಲಿಲ್ಲ. 2000ದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಅಂಥವರನ್ನು ಮತದಾರರ ಪಟ್ಟಿಯಿಂದ ಗುರುತಿಸುವ ಹೊಣೆಯನ್ನು ರಾಜ್ಯವು ಖಾಸಗಿ ಸಂಸ್ಥೆಯೊಂದಕ್ಕೆ ವಹಿಸಿತು. ಕುಲನಾಮದ ಅಕ್ಷರಗಳಲ್ಲಿ ಶೇ 80ರಷ್ಟು ಹೊಂದಿದರೂ ಸಾಕೆಂದು ಹೋಲಿಕೆಯ ಮಾನದಂಡವನ್ನು ಸಡಿಲಿಸಲಾಯಿತು. ಇದರಿಂದ ಸಂಬಂಧವಿಲ್ಲದವರೂ ಸೇರಿಕೊಳ್ಳುತ್ತಾರೆಂದು ಆ ಸಂಸ್ಥೆಯೇ ಎಚ್ಚರಿಸಿದ್ದರೂ ಅಧಿಕಾರಿಗಳು ವಿಶಾಲವಾದ ಪಟ್ಟಿಯನ್ನೇ ಬಯಸಿದ್ದರು. ಅಮೆರಿಕದ ನಾಗರಿಕ ಹಕ್ಕುಗಳ ಆಯೋಗ 2001ರಲ್ಲಿ ನಡೆಸಿದ ವಿಚಾರಣೆಯ ಪ್ರಕಾರ ಮಯಾಮಿ-ಡೇಡ್ ಕೌಂಟಿಯ ಪಟ್ಟಿಯಲ್ಲಿದ್ದವರ ಪೈಕಿ ಕನಿಷ್ಠ ಶೇ 14ರಷ್ಟು ಮಂದಿ ತಪ್ಪಾಗಿ ಸೇರಿದವರು. ಅವರಲ್ಲಿ ಕಪ್ಪು ವರ್ಣೀಯರ ಪಾಲು ಹೆಚ್ಚಾಗಿತ್ತು. ಆ ರಾಜ್ಯದಲ್ಲಿ, ಆ ಮೂಲಕ ದೇಶದಲ್ಲಿ, ಗೆಲುವು ನಿರ್ಧಾರವಾದದ್ದು 537 ಮತಗಳ ಅಂತರದಿಂದ ಎಂಬುದನ್ನು ನೆನೆದರೆ ಮಾನದಂಡವೊಂದರ ಸಡಿಲಿಕೆ ಎಷ್ಟು ದೂರ ಹೋಗಬಲ್ಲದು ಎಂಬುದು ಅರಿವಾಗುತ್ತದೆ.

ನೆರೆಯ ತೆಲಂಗಾಣದಲ್ಲಿ ಪಣಕ್ಕಿದ್ದುದು ಅಕ್ಕಿ. ವಾಹನ ನೋಂದಣಿ, ಆಸ್ತಿ, ವಿದ್ಯುತ್ ಸಂಪರ್ಕ ಮುಂತಾದ ಹಲವು ಇಲಾಖೆಗಳ ದಾಖಲೆಗಳನ್ನು ಹೆಸರು ಮತ್ತು ವಿಳಾಸಗಳ ಹೋಲಿಕೆಯಿಂದ ಒಬ್ಬೊಬ್ಬ ವ್ಯಕ್ತಿಗೆ ಜೋಡಿಸುವ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆಯನ್ನು ಅಲ್ಲಿನ ಸರ್ಕಾರ ರೂಪಿಸಿತು. ಅನರ್ಹರನ್ನು ಪತ್ತೆಹಚ್ಚಿ ಪಡಿತರ ಚೀಟಿ ರದ್ದುಪಡಿಸಲು ಅದನ್ನು ಬಳಸಲಾಯಿತು. 2016ರಿಂದ ರದ್ದಾಗಿದ್ದ ಸುಮಾರು 19 ಲಕ್ಷ ಚೀಟಿಗಳನ್ನು ಸ್ಥಳಕ್ಕೆ ಹೋಗಿ ಮರುಪರಿಶೀಲಿಸುವಂತೆ ಸುಪ್ರೀಂ ಕೋರ್ಟ್ 2022ರಲ್ಲಿ ಆದೇಶಿಸಿತು. ಮರುಪರಿಶೀಲನೆಗೆ ಒಳಪಟ್ಟ ಮೊದಲ ಸುಮಾರು 2 ಲಕ್ಷ ಅರ್ಜಿಗಳಲ್ಲಿ 15 ಸಾವಿರಕ್ಕೂ ಹೆಚ್ಚು ಕುಟುಂಬಗಳು ಅರ್ಹವೆಂದು ಕಂಡುಬಂದವು.

ಹೈದರಾಬಾದಿನ ವಿಧವೆಯೊಬ್ಬರ ಪ್ರಕರಣ 2024ರಲ್ಲಿ ಮಾಧ್ಯಮಗಳಲ್ಲಿ ವರದಿಯಾಯಿತು. ರಿಕ್ಷಾ ಎಳೆಯುತ್ತಿದ್ದ ಅವರ ಪತಿಯ ಹೆಸರನ್ನು ವ್ಯವಸ್ಥೆಯು ಬಹುಪಾಲು ಅದೇ ಹೆಸರಿನ, ಕಾರು ಹೊಂದಿದ್ದ ಮತ್ತೊಬ್ಬರ ಹೆಸರಿನೊಂದಿಗೆ ಜೋಡಿಸಿತ್ತು. ಇಬ್ಬರ ಹೆಸರಿಗೂ ಇದ್ದ ವ್ಯತ್ಯಾಸ ಒಂದೇ ಪದದ್ದು. ಆ ಕಾರಣಕ್ಕೆ ಕುಟುಂಬದ ಸಬ್ಸಿಡಿ ಅಕ್ಕಿ ನಿಂತುಹೋಗಿತ್ತು. ಕಾರು ತಮ್ಮದಲ್ಲವೆಂದು ಸಾಬೀತುಪಡಿಸುವ ಹೊಣೆ ಅಕ್ಕಿ ಕಳೆದುಕೊಂಡವರ ಮೇಲೆಯೇ ಬಿದ್ದಿತು.

ಬಾಂಡ್ ಪಟ್ಟಿಯ ತಪ್ಪಿಗೂ ಇದಕ್ಕೂ ಇರುವ ಅಂತರ ಗಮನಾರ್ಹ. ಅಲ್ಲಿ ಒಬ್ಬ ದಾನಿ ಇಬ್ಬರಾಗಿ ಕಂಡರೆ ಮೊತ್ತ ಕಡಿಮೆ ತೋರುತ್ತದೆ. ಮರುದಿನ ತಿದ್ದಿ ಪ್ರಕಟಿಸಬಹುದು. ಇಲ್ಲಿ ಇಬ್ಬರು ಮನುಷ್ಯರು ಒಬ್ಬರಾಗಿ ಕಂಡರೆ ಒಬ್ಬರ ಊಟ ತಪ್ಪುತ್ತದೆ. ಆದ್ದರಿಂದ ಎರಡೂ ಕಡೆ ಒಂದೇ ಸಡಿಲ ಮಾನದಂಡವನ್ನು ಅನ್ವಯಿಸುವುದು ನ್ಯಾಯಸಮ್ಮತವಲ್ಲ.

ಮತದಾರರ ಪಟ್ಟಿಯ ಕಗ್ಗಂಟು

ಮತದಾರರ ಪಟ್ಟಿಯಲ್ಲಿ ಎರಡೂ ಬಗೆಯ ತಪ್ಪುಗಳಿಗೆ ಬೆಲೆ ಇದೆ. ಒಬ್ಬರು ಎರಡು ಕಡೆ ಉಳಿದರೆ ಚುನಾವಣೆಯ ಪಾವಿತ್ರ್ಯಕ್ಕೆ ಧಕ್ಕೆ. ಇಬ್ಬರನ್ನು ಒಬ್ಬರೆಂದು ಅಳಿಸಿದರೆ ಅರ್ಹ ಮತದಾರರ ಹಕ್ಕಿಗೆ ಧಕ್ಕೆ. ಒಬ್ಬರು ಒಂದಕ್ಕಿಂತ ಹೆಚ್ಚು ಕಡೆ ನೋಂದಾಯಿಸುವುದನ್ನು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 17 ಮತ್ತು 18ನೇ ಸೆಕ್ಷನ್‌ಗಳು ನಿಷೇಧಿಸುತ್ತವೆ. ಸ್ಥಳ ಬದಲಾವಣೆ ಅಥವಾ ಅನರ್ಹತೆಯ ಕಾರಣಕ್ಕೆ ಹೆಸರು ತೆಗೆಯುವ ಮುನ್ನ ಸಂಬಂಧಪಟ್ಟವರಿಗೆ ಅಹವಾಲು ಹೇಳಿಕೊಳ್ಳಲು ಅವಕಾಶ ನೀಡಬೇಕೆಂದು ಅದೇ ಕಾಯ್ದೆಯ 22ನೇ ಸೆಕ್ಷನ್ ವಿಧಿಸುತ್ತದೆ. ಪಟ್ಟಿಯಲ್ಲಿ ಈಗಾಗಲೇ ಇರುವವರ ಹೆಸರನ್ನು ನೋಟಿಸ್ ಮತ್ತು ವಿಚಾರಣೆ ಇಲ್ಲದೆ ತೆಗೆಯಲಾಗದೆಂದು ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿಯೇ ಸ್ಪಷ್ಟಪಡಿಸಿದೆ. ಅಂದರೆ ಅನುಮಾನದ ಕಟ್ಟಿಗೆ ಕಾನೂನಿನಲ್ಲಿಯೂ ಸ್ಥಾನವಿದೆ.

ಬಿಹಾರದಲ್ಲಿ 2025ರ ಜೂನ್ ಕೊನೆಯಲ್ಲಿ ಆರಂಭವಾದ ಎಸ್‌ಐಆರ್‌ನ ಗಣತಿ ಹಂತಕ್ಕೆ ಸುಮಾರು ಒಂದು ತಿಂಗಳು ನಿಗದಿಯಾಗಿತ್ತು. ಪರಿಷ್ಕರಣೆಗೆ ಮುನ್ನ 7.89 ಕೋಟಿಯಷ್ಟಿದ್ದ ಮತದಾರರ ಸಂಖ್ಯೆ ಆಗಸ್ಟ್ 1ರ ಕರಡು ಪಟ್ಟಿಯಲ್ಲಿ 7.24 ಕೋಟಿಗೆ ಇಳಿಯಿತು. ಕೈಬಿಟ್ಟ ಸುಮಾರು 65 ಲಕ್ಷ ಹೆಸರುಗಳಲ್ಲಿ ಮೃತರು 22 ಲಕ್ಷ, ಸ್ಥಳಾಂತರಗೊಂಡವರು ಅಥವಾ ಪತ್ತೆಯಾಗದವರು 36 ಲಕ್ಷ, ಒಂದಕ್ಕಿಂತ ಹೆಚ್ಚು ಕಡೆ ನೋಂದಾಯಿತರಾದವರು 7 ಲಕ್ಷ ಎಂದು ಆಯೋಗ ಸ್ಥೂಲ ವಿವರ ನೀಡಿತ್ತು. ಯಾರ ಹೆಸರನ್ನು ಯಾವ ಕಾರಣಕ್ಕೆ ಕೈಬಿಡಲಾಗಿದೆ ಎಂಬುದು ಮೊದಲು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಹೆಸರುಗಳನ್ನು ಕಾರಣಸಹಿತ ಪ್ರಕಟಿಸುವಂತೆ ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಆದೇಶಿಸಿತು. ಸೆಪ್ಟೆಂಬರ್ 30ರ ಅಂತಿಮ ಪಟ್ಟಿಯಲ್ಲಿ ಮತದಾರರ ಸಂಖ್ಯೆ 7.42 ಕೋಟಿಯಷ್ಟಿತ್ತು.

ಕರ್ನಾಟಕದ ವಿವಾದ ಇದಕ್ಕೆ ಎದುರು ದಿಕ್ಕಿನದು. ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಬಿಜೆಪಿಯ ಪಿ.ಸಿ. ಮೋಹನ್ ಅವರು ಕಾಂಗ್ರೆಸ್‌ನ ಮನ್ಸೂರ್ ಅಲಿ ಖಾನ್ ಅವರನ್ನು 32,707 ಮತಗಳಿಂದ ಸೋಲಿಸಿದ್ದರು. ಅದರ ವ್ಯಾಪ್ತಿಯ ಮಹದೇವಪುರದಲ್ಲಿ 1,00,250 ಅಕ್ರಮ ನಮೂದುಗಳಿದ್ದವು ಎಂದು ಲೋಕಸಭೆಯ ವಿರೋಧ ಪಕ್ಷದ ನಾಯಕ ರಾಹುಲ್ ಗಾಂಧಿ 2025ರ ಆಗಸ್ಟ್ 7ರಂದು ಆರೋಪಿಸಿದರು. ಅವುಗಳಲ್ಲಿ 11,965 ನಕಲು ನಮೂದುಗಳು ಎಂಬುದು ಅವರ ಲೆಕ್ಕ. ಚುನಾವಣಾ ಆಯೋಗ ಆರೋಪವನ್ನು ತಳ್ಳಿಹಾಕಿ, ಸಹಿ ಮಾಡಿದ ಘೋಷಣೆಯೊಂದಿಗೆ ವಿವರ ಸಲ್ಲಿಸುವಂತೆ ಕೇಳಿತು. ಬಿಜೆಪಿಯೂ ಆರೋಪವನ್ನು ನಿರಾಕರಿಸಿತು.

ಆರೋಪ ನಿಜವೋ ಸುಳ್ಳೋ ಎಂಬುದಕ್ಕಿಂತ ಮುಂಚಿನ ಪ್ರಶ್ನೆಯೊಂದು ಇಲ್ಲಿದೆ. ಅದನ್ನು ಸ್ವತಂತ್ರವಾಗಿ ಪರೀಕ್ಷಿಸುವ ಮಾರ್ಗವೇನು? ಕಾಗದದ ಪಟ್ಟಿಗಳನ್ನು ಒಂದೊಂದಾಗಿ ಹೋಲಿಸಲು ಆರು ತಿಂಗಳು ಹಿಡಿಯಿತೆಂದು ಕಾಂಗ್ರೆಸ್ ಹೇಳಿದೆ. ಆಯೋಗ ಮತದಾರರ ಪಟ್ಟಿಯನ್ನು ಸಾರ್ವಜನಿಕರಿಗೆ ನೀಡುವುದು ಚಿತ್ರರೂಪದ ಪಿಡಿಎಫ್ ಕಡತಗಳಲ್ಲಿ. ಹುಡುಕಬಹುದಾದ ಪಠ್ಯರೂಪದಲ್ಲಿ ಪಟ್ಟಿ ನೀಡಬೇಕೆಂಬ ಕಮಲನಾಥ್ ಅವರ ಅರ್ಜಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ತಿರಸ್ಕರಿಸಿತ್ತು. ಮತದಾರರ ಖಾಸಗಿತನ ಮತ್ತು ಮಾಹಿತಿ ದುರ್ಬಳಕೆಯ ಆತಂಕ ಆಯೋಗದ ವಾದ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಆದರೆ ಪರಿಣಾಮವಾಗಿ ಹೋಲಿಕೆ ಮಾಡುವ ಸಾಮರ್ಥ್ಯ ಆಯೋಗದ ಬಳಿ ಮಾತ್ರ ಉಳಿದಿದೆ. ಆರೋಪ ಮಾಡುವವರು ತಮ್ಮ ಲೆಕ್ಕವನ್ನೂ ನಿರಾಕರಿಸುವವರು ತಮ್ಮ ಲೆಕ್ಕವನ್ನೂ ಜನರ ಮುಂದೆ ತೆರೆದಿಡುವುದು ಕಠಿಣವಾಗಿದೆ. 11,965 ಎಂಬ ಸಂಖ್ಯೆಯಲ್ಲಿ ಒಂದೇ ಹೆಸರಿನ ಬೇರೆ ವ್ಯಕ್ತಿಗಳು ಎಷ್ಟು, ಸ್ಥಳ ಬದಲಿಸಿದಾಗ ಹಳೆಯ ನಮೂದು ಅಳಿಯದೆ ಉಳಿದವು ಎಷ್ಟು, ಉದ್ದೇಶಪೂರ್ವಕ ಅಕ್ರಮ ಎಷ್ಟು ಎಂಬುದನ್ನು ಮೂರು ಕಟ್ಟು ಮಾಡಿ ನೋಡಿದಾಗಲೇ ಚರ್ಚೆಗೆ ಅರ್ಥ ಬರುತ್ತದೆ.

ಹೆಸರು, ಸಂಬಂಧಿಯ ಹೆಸರು, ವಯಸ್ಸು, ಲಿಂಗ ಹೊಂದಿಕೆಯಾಗುವ ನಮೂದುಗಳನ್ನೂ ಭಾವಚಿತ್ರ ಹೊಂದಿಕೆಯಾಗುವ ನಮೂದುಗಳನ್ನೂ ಪತ್ತೆ ಹಚ್ಚುವ ತಂತ್ರಾಂಶ ಆಯೋಗದ ಬಳಿ ಇದೆ. ಅದು ತೋರಿಸುವ ಸಾಮ್ಯ ಕೇವಲ ಸುಳಿವು. ಮತಗಟ್ಟೆ ಮಟ್ಟದ ಅಧಿಕಾರಿ ಮನೆಗೆ ಹೋಗಿ ಖಚಿತಪಡಿಸಿಕೊಳ್ಳಬೇಕೆಂಬುದೇ ಅದರ ಹಿಂದಿನ ಕ್ರಮ. ಕ್ರಮ ಸರಿಯಾಗಿಯೇ ಇದೆ. ಅದಕ್ಕೆ ಸಾಕಷ್ಟು ಕಾಲಾವಕಾಶ ಕೊಡಲಾಗುತ್ತಿದೆಯೇ ಎಂಬುದು ಪ್ರಶ್ನೆ.

ಸಂಖ್ಯೆ ಕೊಟ್ಟರೆ ಸಾಕೆ?

ಹೆಸರನ್ನು ಬಿಟ್ಟು ಸಂಖ್ಯೆಯನ್ನು ನಂಬಿದರೆ ಗೊಂದಲವೇ ಇರದೆಂಬ ವಾದ ಹಳೆಯದು. ಅನುಭವ ಅದನ್ನು ಪೂರ್ತಿ ಬೆಂಬಲಿಸುವುದಿಲ್ಲ. ಬೇರೆ ಬೇರೆ ರಾಜ್ಯಗಳ ಮತದಾರರಿಗೆ ಒಂದೇ ಗುರುತಿನ ಚೀಟಿ ಸಂಖ್ಯೆ ಇರುವುದು 2025ರ ಮಾರ್ಚ್‌ನಲ್ಲಿ ವಿವಾದವಾಯಿತು. ಸಂಖ್ಯೆ ಒಂದೇ ಆದ ಮಾತ್ರಕ್ಕೆ ಅವರು ನಕಲಿ ಮತದಾರರಲ್ಲ, ರಾಜ್ಯಗಳು ಪ್ರತ್ಯೇಕವಾಗಿ ಸಂಖ್ಯೆ ನೀಡುತ್ತಿದ್ದ ಕಾಲದ ದೋಷ ಇದು ಎಂದು ಆಯೋಗ ವಿವರಿಸಿ, ಮೂರು ತಿಂಗಳಲ್ಲಿ ಸರಿಪಡಿಸುವುದಾಗಿ ಹೇಳಿತು.

ಆಧಾರ್ ಸಂಖ್ಯೆಯ ಜೋಡಣೆಗೂ ಕೊನೆಗೆ ಹೆಸರಿನ ಹೋಲಿಕೆಯೇ ಬೇಕು. ಹಳೆಯ ದಾಖಲೆಯಲ್ಲಿ ಆಧಾರ್ ಇಲ್ಲ. ಇರುವುದು ಹೆಸರು ಮಾತ್ರ. ಕರ್ನಾಟಕದ ‘ಭೂಮಿ’ ಯೋಜನೆ ಎರಡು ದಶಕಗಳ ಹಿಂದೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಗಣಕೀಕರಿಸಿ ದೇಶಕ್ಕೆ ಮಾದರಿಯಾಯಿತು. ಕೈಬರಹದ ಪಹಣಿಯಲ್ಲಿ ಇದ್ದ ಹೆಸರುಗಳು ಇದ್ದಂತೆಯೇ ಗಣಕಕ್ಕೆ ಇಳಿದವು. ಕಂದಾಯ ಇಲಾಖೆ 2024ರಲ್ಲಿ ಪಹಣಿಗೆ ಆಧಾರ್ ಜೋಡಿಸುವ ಅಭಿಯಾನ ಕೈಗೊಂಡಾಗ ಗ್ರಾಮ ಆಡಳಿತ ಅಧಿಕಾರಿಗಳ ಮುಂದೆ ಬಂದದ್ದು ತೀರಿಹೋದವರ ಹೆಸರಿನ ಪಹಣಿಗಳು, ಮನೆಯ ಹೆಸರಿನಲ್ಲಿರುವ ಪಹಣಿಗಳು, ಆಧಾರ್‌ನ ಹೆಸರಿಗೆ ಹೊಂದದ ಪಹಣಿಗಳು. ಆದರೂ ಆ ಅಭಿಯಾನದಲ್ಲಿ ಒಂದು ಅನುಕೂಲವಿತ್ತು. ಜೋಡಣೆ ನಡೆದದ್ದು ಮಾಲೀಕರನ್ನು ಮುಂದಿಟ್ಟುಕೊಂಡು, ಊರನ್ನು ಬಲ್ಲ ಅಧಿಕಾರಿಯ ಮೂಲಕ. ದೂರದ ಸರ್ವರ್‌ನಲ್ಲಿ ಅಕ್ಷರಗಳನ್ನು ಹೋಲಿಸಿ ತೀರ್ಮಾನಿಸುವುದಕ್ಕಿಂತ ಇದು ನಿಧಾನ, ಆದರೆ ಸುರಕ್ಷಿತ.

ಮುಂದೇನು?

ಪಟ್ಟಿಗಳನ್ನು ಶುದ್ಧೀಕರಿಸುವುದು ಬೇಡವೆಂದು ಯಾರೂ ಹೇಳುತ್ತಿಲ್ಲ. ಮೃತರ ಹೆಸರಿನಲ್ಲಿ ಪಡಿತರ, ಎರಡು ಕಡೆ ಮತ ಇವು ನಿಲ್ಲಲೇಬೇಕು. ಪ್ರಶ್ನೆ ಇರುವುದು ವಿಧಾನದ ಬಗ್ಗೆ. ಮೇಲಿನ ಉದಾಹರಣೆಗಳಿಂದ ಕೆಲವು ತೀರ್ಮಾನಗಳಿಗೆ ಬರಬಹುದು.

ಮೊದಲನೆಯದಾಗಿ, ಶುದ್ಧೀಕರಿಸಿದ ಹೆಸರಿನ ಪಕ್ಕದಲ್ಲಿ ಮೂಲ ನಮೂದು ಇದ್ದಂತೆಯೇ ಉಳಿಯಬೇಕು. ಮೂಲವನ್ನು ಅಳಿಸಿ ತಿದ್ದಿದರೆ ತಪ್ಪು ಎಲ್ಲಿ ನುಸುಳಿತೆಂದು ಮುಂದೆ ಯಾರೂ ಪತ್ತೆಹಚ್ಚಲಾಗದು. ಎರಡನೆಯದಾಗಿ, ಹೋಲಿಕೆಯ ಮಾನದಂಡ ಬಹಿರಂಗವಾಗಿರಬೇಕು. ಶೇ 80ರ ಸಾಮ್ಯವೋ ಶೇ 95ರ ಸಾಮ್ಯವೋ ಎಂಬುದು ತಾಂತ್ರಿಕ ವಿವರ ಮಾತ್ರವಲ್ಲ. ಎಷ್ಟು ಜನರನ್ನು ಅನುಮಾನಿಸಬೇಕೆಂಬ ನೀತಿ ನಿರ್ಧಾರ ಅದು. ಮೂರನೆಯದಾಗಿ, ಹಕ್ಕನ್ನು ಕಸಿಯುವ ಸಂದರ್ಭದಲ್ಲಿ ಅಕ್ಷರಸಾಮ್ಯವನ್ನು ಸಾಕ್ಷ್ಯವೆಂದು ಪರಿಗಣಿಸಕೂಡದು. ನೋಟಿಸ್ ಮೊದಲು, ವಿಚಾರಣೆ ನಂತರ, ಅಳಿಸುವಿಕೆ ಕೊನೆಗೆ ಎಂಬ ಕ್ರಮ ಪಾಲನೆಯಾಗಬೇಕು. ನಾಲ್ಕನೆಯದಾಗಿ, ಅನುಮಾನದ ಕಟ್ಟಿನಲ್ಲಿ ಎಷ್ಟು ಹೆಸರುಗಳಿದ್ದವು, ಅವುಗಳಲ್ಲಿ ಎಷ್ಟು ನಿಜವಾಗಿಯೂ ನಕಲಾಗಿದ್ದವು ಎಂಬ ಅಂಕಿಅಂಶ ಪ್ರಕಟವಾಗಬೇಕು. ಅಳಿಸಿದ ಹೆಸರುಗಳ ಸಂಖ್ಯೆಯನ್ನಷ್ಟೇ ಸಾಧನೆಯೆಂದು ಘೋಷಿಸುವುದರಿಂದ ತಪ್ಪಿನ ಪ್ರಮಾಣ ತಿಳಿಯದು.

ಎಸ್‌ಐಆರ್‌ನ ಎರಡನೇ ಹಂತವನ್ನು 2025ರ ಅಕ್ಟೋಬರ್ 27ರಂದು 12 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳಿಗೆ ಪ್ರಕಟಿಸಿದಾಗ ಕರ್ನಾಟಕ ಅದರಲ್ಲಿ ಇರಲಿಲ್ಲ. ಇಂದಿನ ಮತದಾರರ ಹೆಸರುಗಳನ್ನು ಎರಡು ದಶಕಗಳಷ್ಟು ಹಳೆಯ ಪಟ್ಟಿಯ ಹೆಸರುಗಳೊಂದಿಗೆ ಕೊಂಡಿ ಹಾಕುವುದು ಆ ಪ್ರಕ್ರಿಯೆಯ ಮುಖ್ಯ ಭಾಗ. ರಾಜ್ಯದಲ್ಲಿ 5 ಕೋಟಿಗೂ ಹೆಚ್ಚು ಮತದಾರರಿದ್ದಾರೆ. ಒಂದು ಮತಗಟ್ಟೆಗೆ 1,200 ಮತದಾರರ ಮಿತಿಯನ್ನು ಆಯೋಗ ನಿಗದಿಪಡಿಸಿದೆ. ಅವರಲ್ಲಿ ಹತ್ತರಲ್ಲಿ ಒಬ್ಬರ ಹೆಸರು ಹಳೆಯ ಪಟ್ಟಿಯ ಬರಹಕ್ಕೆ ಹೊಂದಲಿಲ್ಲವೆಂದು ಭಾವಿಸಿದರೂ ಒಬ್ಬ ಮತಗಟ್ಟೆ ಅಧಿಕಾರಿಯ ಅನುಮಾನದ ಕಟ್ಟಿನಲ್ಲಿ 120 ಹೆಸರುಗಳು ಸೇರುತ್ತವೆ. ಆ 120 ಮನೆಗಳ ಬಾಗಿಲು ತಟ್ಟಿ ಕೇಳಲು ಅವರಿಗೆ ಎಷ್ಟು ದಿನ ಸಿಗುತ್ತದೆ ಎಂಬುದರ ಮೇಲೆ ಪಟ್ಟಿಯ ಶುದ್ಧತೆ ನಿಂತಿದೆ.